ಕೋಣೆಯಲ್ಲಿಲ್ಲದವಳು

ಹತ್ತು ಗಂಟೆ ನಾಲ್ಕು ನಿಮಿಷ. ಲೆಸ್ಟರ್‌ನಲ್ಲಿ
ನನ್ನ ಅಡುಗೆಮನೆ. ಹಾಲಿಗಿಟ್ಟಿದ್ದೆ, ಆರಿಸಿದೆ.
ಫೋನಿನಲ್ಲಿ ಮೊದಲು ಒಂದು ನಂಬರು, ಆಮೇಲೆ ಸಂಗೀತ,
ಆಮೇಲೆ ಸಂಡರ್‌ಲ್ಯಾಂಡಿನ ಆಸ್ಪತ್ರೆಯ ಒಂದು ಕೋಣೆ.
ಕುರ್ಚಿ ಎಳೆದ ಸದ್ದು. ಯಾರೋ ಮೂಗು ಸೀಟಿದರು.

ದುಭಾಷಿಯ ನಿಯಮ: ಕೂಡಿಸಬಾರದು, ಕಳೆಯಬಾರದು,
ಸಮಾಧಾನ ಹೇಳಬಾರದು.
ಅವರು ನಾನು ಎಂದರೆ ನಾನೂ ನಾನು ಎನ್ನಬೇಕು.
ನಿಮಿಷಕ್ಕೆ ಮೂವತ್ತೆಂಟು ಪೆನ್ಸ್.

ಡಾಕ್ಟರು ಕೇಳಿದರು, ಪಟ್ಟಿ ನೋಡಿ ಓದುವವರ ಹಾಗೆ:
ಕೋಣೆಯಲ್ಲಿ ಇಲ್ಲದವರ ದನಿ ನಿಮಗೆ ಕೇಳಿಸುತ್ತದೆಯೇ?
ಕೋಣೆಯಲ್ಲಿ ಇಲ್ಲದ ನಾನು
ಅದನ್ನು ಕನ್ನಡದಲ್ಲಿ ಕೇಳಿದೆ.

ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ನಗು. "ಈಗ ಕೇಳಾಕತ್ತೈತಲ್ರೀ, ನಿಮ್ದು!"
ಮಾತನ್ನು ದಾಟಿಸಿದೆ. ನಗು ಈಚೆ ದಡದಲ್ಲೇ ಉಳಿಯಿತು.
ಕೀಬೋರ್ಡಿನ ಮೇಲೆ ಬೆರಳು ಓಡಿದ್ದು ಕೇಳಿಸಿತು.

ನೀಲವ್ವ ಹಡಪದ. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ.
ಮುದುಕರ ಮೈ ತೊಳೆಯಲು ಸಾಕಾಗುವಷ್ಟು ಇಂಗ್ಲಿಷ್ ಇದೆ,
ಇದಕ್ಕೆ ಸಾಲದು ಅಂದಳಂತೆ.
ಅವಳು ಗದಗಿನ ಕಡೆಯವಳು, ನಾನು ನಂಜನಗೂಡಿನವಳು.
ನನ್ನ ಕನ್ನಡವೂ ಅವಳಿಗೆ ಅಷ್ಟಿಷ್ಟು ಪರದೇಶವೇ.

ಬಾಗಿಲ ಕಡೆಯಿಂದ ಗಂಡ:
"ಹುಚ್ಚು ಅಂತ ಬರೀಬ್ಯಾಡ್ರಿ ಅನ್ರಿ. ಟೆನ್ಶನ್ ಅಂತ ಬರಕೊಳ್ಳಿ.
ಯುಗಾದಿ ಊಟಕ್ಕ ಸಂಘಕ್ಕ ನಾ ಒಬ್ಬಾಂವ ಹೋಗಿದ್ದೆ,
ಆಕಿಗೆ ಡ್ಯೂಟಿ ಐತಿ ಅಂತ ಹೇಳೀನಿ.
ಇದನ್ನ ಅವರಿಗೆ ಹೇಳಬ್ಯಾಡ್ರಿ ಮತ್ತ."
ಕೋಣೆಯಲ್ಲಿ ಆಡಿದ್ದೆಲ್ಲ ದಾಟಬೇಕು.
ಹೇಳಬೇಡಿ ಅಂದದ್ದನ್ನೂ ಹೇಳಿದೆ.

ಎಷ್ಟು ದನಿ? ಎರಡು.
ಒಂದು, ಹದಿನಾಲ್ಕನೇ ರೂಮಿನ ಮುದುಕ, ಫೆಬ್ರವರಿಯಲ್ಲಿ ತೀರಿಕೊಂಡವನು.
"ಪೆಟ್, ಪೆಟ್ ಅಂತಾನ. ಗಂಟಿ ಬಾರಿಸಿದ್ದೆ,
ನೀ ತಡಾ ಮಾಡಿದಿ ಅಂತಾನ."
ಇನ್ನೊಂದು ಹೆಣ್ಣು. ಯಾರೋ ತಿಳಿಯದು.
"ನೀಲೀ ಅಂತಾಳ. ಉಂಡೀ ಏನ ಅಂತಾಳ.
ಈ ಊರಾಗ ಹಂಗ ಯಾರರೆ ಕೇಳ್ತಾರೇನ್ರಿ?"

ದನಿಗಳು ನಿಮಗೆ ಹೀಗೆ ಮಾಡು ಅನ್ನುತ್ತವೆಯೇ?
ಅವಸರದಲ್ಲಿ ನಾನು, ಅಪ್ಪಣೆ ಕೊಡುತ್ತವೆಯೇ, ಅಂದುಬಿಟ್ಟೆ.
"ಹೂವಿನ ಅಪ್ಪಣೀ ಏನ್ರಿ?" ಎಂದಳು, ದನಿ ಒಮ್ಮೆಲೇ ಬೆಳಗಿ.
ನಿಲ್ಲಿಸಬೇಕಾಯಿತು. ಕ್ಷಮಿಸಿ, ಈಗ ದುಭಾಷಿ ಮಾತಾಡುತ್ತಿದ್ದಾಳೆ:
ಆ ಪದ ನನ್ನದು, ತಪ್ಪು ನನ್ನದು. ನಮ್ಮಲ್ಲಿ
ದೇವರ ಮುಡಿಯಿಂದ ಬಲಕ್ಕೆ ಹೂ ಬಿದ್ದರೆ
ಅದನ್ನೂ ಹಾಗೇ ಅನ್ನುತ್ತೇವೆ.
ಬೆರಳು ನಿಂತವು. ಬಿದ್ದ ಹೂವನ್ನು ಏನು ಮಾಡುತ್ತಾರೆ,
ಡಾಕ್ಟರು ಕೇಳಿದರು. ಪಟ್ಟಿಯಲ್ಲಿ ಇರಲಿಕ್ಕಿಲ್ಲ ಅದು.
"ಮುಡಕೋತಾರ" ಅಂದಳು ನೀಲವ್ವ.

ಮಾತ್ರೆಯ ವಿಷಯ ಬಂತು. ದಿನಕ್ಕೊಂದು, ಮಲಗುವ ಮುಂಚೆ,
ಬಾಯಿ ಒಣಗಬಹುದು, ಮೈ ಬರಬಹುದು.
ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:
"ಗುಳಿಗಿ ತಗೊಂಡ್ರ ಆಂವ ಒಬ್ಬನ ಹೋಗ್ತಾನೋ,
ಆಕೀನೂ ಹೋಗ್ತಾಳೋ?"

ನನ್ನ ಬಾಯಲ್ಲಿ ಇಂಗ್ಲಿಷಿನಲ್ಲಿ ನಾನು ಕೇಳಿದೆ:
ನಾನು ತೆಗೆದುಕೊಂಡರೆ ಅವಳೂ ಹೋಗುತ್ತಾಳೆಯೇ?
ಗಂಟಲು ಕಟ್ಟಿತು. ನೀರು ಕುಡಿದೆ.
ಗೊತ್ತಿಲ್ಲ, ಅಂದರು ಡಾಕ್ಟರು.
ಆ ಬೆಳಿಗ್ಗೆ ಏನೂ ಉದುರದೆ
ದಾಟಿಹೋದ ಮಾತು ಅದೊಂದೇ.

ನಲವತ್ತೊಂದು ನಿಮಿಷ.
ಹದಿನೈದು ಪೌಂಡು ಐವತ್ತೆಂಟು ಪೆನ್ಸ್.
ಸಂಜೆಯವರೆಗೆ ಯಾರೊಂದಿಗೂ
ನಾನು ಎಂದು ಶುರುಮಾಡಲು ಆಗಲಿಲ್ಲ.

ಮೂರು ವಾರದ ಮೇಲೆ ಏಜೆನ್ಸಿಯ ಹುಡುಗಿ:
ಸಂಡರ್‌ಲ್ಯಾಂಡ್, ಗುರುವಾರ, ಕನ್ನಡ.
ಪೇಷಂಟು ಹೋದ ಸಲದ ಅದೇ ದನಿ ಬೇಕು ಅಂದಿದ್ದಾರೆ,
ಆಗುತ್ತಾ?

ಆಗುತ್ತೆ ಅಂದೆ.
ಯಾವುದು ಹೋಯಿತು, ಯಾವುದು ಉಳಿಯಿತು,
ಕೇಳುವ ಹಾಗಿಲ್ಲ ನಾನು.